ಉಂಗುರ ಯಾರ ಜೊತೆ ಹೋಯಿತು? ಟಿಪ್ಪೆಟ್ ರಿಂಗ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಹೋದ ಅಕ್ಟೋಬರಿನಲ್ಲಿ ಅಮೆರಿಕದ ಕೊಲರಾಡೊದ ಚೀಸ್‌ಮನ್ ಕಣಿವೆಯಲ್ಲಿ ಒಂದು ದೊಡ್ಡ ಬ್ರೌನ್ ಟ್ರೌಟ್ ಮೀನು ನನ್ನ ಕೈತಪ್ಪಿತು. ಬಂಡೆಯ ಮಗ್ಗುಲಿನಿಂದ ಒಂದೇ ಓಟ. ರಾಡ್ ಪೂರ್ತಿ ಬಾಗಿತು, ಮರುಕ್ಷಣ ಸಡಿಲವಾಯಿತು. ಲೈನ್ ಎಳೆದುಕೊಂಡು ನೋಡಿದೆ. ಫ್ಲೈ (ಹುಳದ ಹಾಗೆ ಕಾಣುವ ಗಾಳ) ಇಲ್ಲ, ಟಿಪ್ಪೆಟ್ (ಅದಕ್ಕೆ ಕಟ್ಟಿದ ತೆಳು ದಾರ) ಇಲ್ಲ, ಆ ದಾರವನ್ನು ಲೀಡರ್ ಎಂಬ ಮೇಲಿನ ದಾರಕ್ಕೆ ಸೇರಿಸುವ ಪುಟ್ಟ ಉಂಗುರವೂ ಇಲ್ಲ. ಜೊತೆಗೆ ಬಂದಿದ್ದ ಹಾಸನದ ಹುಡುಗ ತಕ್ಷಣ ಹೇಳಿದ: "ಅಣ್ಣಾ, ನಾನು ಮೊದಲೇ ಹೇಳ್ಲಿಲ್ವಾ? ಈ ರಿಂಗ್‌ಗಳನ್ನ ನಂಬೋಕಾಗಲ್ಲ."

ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ಆದರೆ ಅವತ್ತು ಉಂಗುರ ಮುರಿದಿರಲಿಲ್ಲ. ಅದು ಮೀನಿನ ಜೊತೆ ಹೋಗಿತ್ತು. ಅಂದರೆ ಬಿಟ್ಟುಕೊಟ್ಟಿದ್ದು ಉಂಗುರಕ್ಕಿಂತ ಮೇಲಿನ ಗಂಟು, ಲೀಡರ್ ಕಡೆಯದ್ದು. ಅದನ್ನು ನಾನು ಕಟ್ಟಿದ್ದು ಜೂನ್ ತಿಂಗಳಲ್ಲಿ. ನಾಲ್ಕು ತಿಂಗಳಲ್ಲಿ ಟಿಪ್ಪೆಟ್ ಎಷ್ಟೋ ಸಲ ಬದಲಾಯಿಸಿದ್ದೆ, ಆ ಗಂಟನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಆ ಮೀನು ಈಗ ಬಾಯಲ್ಲಿ ಫ್ಲೈ, ಅದರ ಹಿಂದೆ ಎರಡಡಿ ದಾರ, ದಾರದ ತುದಿಯಲ್ಲಿ ಒಂದು ಲೋಹದ ಬಳೆ ಎಳೆದುಕೊಂಡು ಓಡಾಡುತ್ತಿದೆ. ಹಿಡಿದ ಮೀನನ್ನೆಲ್ಲ ವಾಪಸ್ ಬಿಡಬೇಕಾದ ನದಿ ಅದು. ಅಲ್ಲಿ ಹೀಗಾದರೆ ಮನಸ್ಸಿಗೆ ನೋವಾಗುತ್ತದೆ. ಈ ಬರಹಕ್ಕೆ ಆ ನೋವೇ ಕಾರಣ.

ಉಂಗುರದ ಕೆಲಸ ಏನು

ಹೊಸಬರಿಗಾಗಿ ಎರಡು ಮಾತು. ಫ್ಲೈ ಫಿಶಿಂಗ್‌ನಲ್ಲಿ ದಪ್ಪನೆಯ ಬಣ್ಣದ ಲೈನ್ ಮುಗಿದ ಮೇಲೆ ಲೀಡರ್ ಬರುತ್ತದೆ. ಬುಡದಲ್ಲಿ ದಪ್ಪ, ಹೋಗ್ತಾ ಹೋಗ್ತಾ ತೆಳು. ಅದರ ತುದಿಗೆ ಕೂದಲಿನಷ್ಟು ತೆಳುವಾದ ಟಿಪ್ಪೆಟ್. ನಮ್ಮೂರ ಮಾತಲ್ಲಿ ಹೇಳುವುದಾದರೆ ಎರಡೂ ತಂಗೂಸಿಯೇ. ಫ್ಲೈ ಬದಲಾಯಿಸಿದಾಗಲೆಲ್ಲ ಟಿಪ್ಪೆಟ್ ಗಿಡ್ಡವಾಗುತ್ತದೆ. ಹೊಸ ಟಿಪ್ಪೆಟ್ಟನ್ನು ನೇರವಾಗಿ ಲೀಡರಿಗೆ ಗಂಟು ಹಾಕಿದರೆ ಪ್ರತಿ ಸಲ ಲೀಡರ್ ಕೂಡ ಒಂದಿಷ್ಟು ಕಡಿಮೆಯಾಗುತ್ತದೆ. ನಡುವೆ 2 ಮಿಲಿಮೀಟರಿನ ಒಂದು ಉಂಗುರ ಇದ್ದರೆ ಆ ಕಷ್ಟ ಇಲ್ಲ. ಉಂಗುರದ ಒಂದು ಕಡೆ ಲೀಡರ್, ಇನ್ನೊಂದು ಕಡೆ ಟಿಪ್ಪೆಟ್. ಫ್ಲೈ ಕಟ್ಟುವ ಗಂಟೇ ಎರಡೂ ಕಡೆಗೆ ಸಾಕು.

ದಪ್ಪದ ಲೆಕ್ಕ ಗೊತ್ತಿರಬೇಕು, ಮುಂದೆ ಬೇಕಾಗುತ್ತದೆ. ಟಿಪ್ಪೆಟ್ ಸುರುಳಿಯ ಮೇಲೆ 4ಎಕ್ಸ್, 5ಎಕ್ಸ್ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು 11ರಿಂದ ಕಳೆಯಿರಿ. ಉಳಿದದ್ದು ಇಂಚಿನ ಸಾವಿರದ ಭಾಗದಲ್ಲಿ ದಾರದ ದಪ್ಪ. 5ಎಕ್ಸ್ ಅಂದರೆ 0.006 ಇಂಚು, ಸುಮಾರು 0.15 ಮಿ.ಮೀ. 3ಎಕ್ಸ್ ಅಂದರೆ 0.008 ಇಂಚು, ಸುಮಾರು 0.20 ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ದಾರ ತೆಳು.

ಬಲದ ಲೆಕ್ಕವನ್ನೂ ನೋಡಿ. 5ಎಕ್ಸ್ ದಾರ ತಡೆಯುವುದು ಸುಮಾರು 5 ಪೌಂಡ್. ಉಂಗುರದ ಪೊಟ್ಟಣದ ಮೇಲೆ ಸಾಮಾನ್ಯವಾಗಿ 20 ಪೌಂಡಿಗೂ ಜಾಸ್ತಿ ಬರೆದಿರುತ್ತದೆ. ಹೀಗಿರುವಾಗ ಟ್ರೌಟ್ ಎಳೆದು ಉಂಗುರ ಮುರಿಯುವ ಮೊದಲು ದಾರ ಹರಿಯಲೇಬೇಕು. ದೋಷ ಹುಡುಕುವಾಗ ಉಂಗುರವನ್ನು ಕಟ್ಟಕಡೆಗೆ ಅನುಮಾನಿಸಿ.

ಹರಿದ ತುದಿಯನ್ನು ಓದಿ

ಮೀನು ತಪ್ಪಿದ ಕೂಡಲೇ ಎಲ್ಲರ ಕೈ ಕತ್ತರಿಗೆ ಹೋಗುತ್ತದೆ. ಹಾಳಾದ ತುದಿ ಕತ್ತರಿಸಿ, ಹೊಸದು ಕಟ್ಟಿ, ಬೇಗ ಇನ್ನೊಂದು ಸಲ ಬೀಸಬೇಕು ಎನ್ನುವ ಅವಸರ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಆ ತುದಿ ಕತ್ತರಿಸಿ ಎಸೆದರೆ ಸಾಕ್ಷಿಯೇ ಹೋಯಿತು. ಅದನ್ನು ಬೆಳಕಿಗೆ ಹಿಡಿದು ನೋಡಿ. ನಲವತ್ತು ದಾಟಿದವರು ಓದುವ ಕನ್ನಡಕ ಹಾಕಿಕೊಂಡೇ ನೋಡಿ.

ಮೊದಲ ಪ್ರಶ್ನೆ ಒಂದೇ: ಉಂಗುರ ಯಾರ ಹತ್ತಿರ ಇದೆ?

ಉಂಗುರ ನಿಮ್ಮ ಹತ್ತಿರ ಇದೆ, ಟಿಪ್ಪೆಟ್ಟೂ ಪೂರ್ತಿ ಇದೆ, ಫ್ಲೈ ಮಾತ್ರ ಇಲ್ಲ ಅಂದರೆ ಹೋದದ್ದು ಫ್ಲೈ ಗಂಟು. ಉಂಗುರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಉಂಗುರ ಇದೆ, ಟಿಪ್ಪೆಟ್ ಅರ್ಧ ಇದೆ ಅಂದರೆ ದಾರ ನಡುವಿನಲ್ಲಿ ಹರಿದಿದೆ. ಹೆಚ್ಚಾಗಿ ಇದು ಗಾಳಿಗಂಟಿನ ಕೆಲಸ. ಬೀಸುವಾಗ ದಾರ ತನಗೆ ತಾನೇ ಸುತ್ತಿಕೊಂಡು ಒಂದು ಸಾದಾ ಗಂಟು ಬೀಳುತ್ತದೆ. ಅದು ಬಿಗಿದರೆ ದಾರದ ಬಲ ಅರ್ಧಕ್ಕೆ ಇಳಿಯಬಹುದು. ಬಂಡೆಗೆ ಉಜ್ಜಿದ ಗಾಯವೂ ಆಗಿರಬಹುದು. ಹಾಗಿದ್ದರೆ ಹರಿದ ಜಾಗದ ಹಿಂದೆ ಮುಂದೆ ಉಗುರು ಆಡಿಸಿದರೆ ತರಿತರಿ ಸಿಗುತ್ತದೆ.

ಉಂಗುರ ಇದೆ, ಟಿಪ್ಪೆಟ್ ಒಂದಿಂಚೂ ಉಳಿದಿಲ್ಲ ಅಂದರೆ ಉಂಗುರದ ಕೆಳಗಿನ ಗಂಟು ಹೋಗಿದೆ. ಇಲ್ಲಿ ಎರಡು ಬಗೆ ಇದೆ. ಗಂಟು ಜಾರಿತೋ, ದಾರ ಕೊಯ್ದುಹೋಯಿತೋ? ಜಾರಿದ ದಾರದ ತುದಿ ಹೀರೆ ಬಳ್ಳಿ ಚಪ್ಪರ ಹಿಡಿಯಲು ಚಾಚುವ ಕುಡಿಯ ಹಾಗೆ ಸುರುಳಿ ಸುರುಳಿ ಆಗಿರುತ್ತದೆ. ಆದರೆ ಆ ಸುರುಳಿ ತುದಿ ಮೀನಿನ ಜೊತೆ ಹೋಗಿರುತ್ತದೆ, ನಿಮಗೆ ಕಾಣುವುದು ಬರೀ ಖಾಲಿ ಉಂಗುರ. ಅದರಲ್ಲಿ ದಾರದ ಒಂದು ಚೂರೂ ಇಲ್ಲದಿದ್ದರೆ ಜಾರಿದೆ ಎಂದೇ ತಿಳಿಯಿರಿ. ಗಂಟಿನ ಒಂದು ಚೂರು ಉಂಗುರಕ್ಕೆ ಅಂಟಿಕೊಂಡಿದ್ದರೆ ದಾರ ಅಲ್ಲೇ ತುಂಡಾಗಿದೆ. ಕಂಬಕ್ಕೆ, ಕೊಂಬೆಗೆ ಸಿಕ್ಕಿ ಹೋದಾಗ ಮೀನಿಲ್ಲದೆ ಫ್ಲೈ ವಾಪಸ್ ಸಿಗುತ್ತದಲ್ಲ, ಆಗ ಮಾತ್ರ ಎರಡೂ ತುದಿ ನೋಡುವ ಅವಕಾಶ. ಅದನ್ನು ಬಿಡಬೇಡಿ.

ಉಂಗುರವೇ ಇಲ್ಲ, ಲೀಡರ್ ತುದಿ ಸುರುಳಿ ಸುತ್ತಿದೆ. ಮೇಲಿನ ಗಂಟು ಜಾರಿದೆ. ಉಂಗುರವೇ ಇಲ್ಲ, ಲೀಡರ್ ತುದಿ ಚಪ್ಪಟೆಯಾಗಿಯೋ ಬೆಳ್ಳಗಾಗಿಯೋ ತುಂಡಾಗಿದೆ. ಅಲ್ಲಿ ನೈಲಾನ್ ಸತ್ತಿದೆ. ನನಗೆ ಆದದ್ದು ಇದೇ.

ಇನ್ನು ಒಂದೇ ಒಂದು ಬಗೆ ಉಳಿಯಿತು. ಲೀಡರ್ ತುದಿಯಲ್ಲಿ ಗಂಟು ಗಂಟಾಗಿಯೇ ಇದೆ, ಅದರ ಸಣ್ಣ ಕುಣಿಕೆಯೂ ಇದೆ, ಕುಣಿಕೆಯೊಳಗೆ ಉಂಗುರ ಮಾತ್ರ ಇಲ್ಲ. ಹೀಗೆ ಕಂಡರಷ್ಟೇ ಉಂಗುರ ಬಾಯಿ ಬಿಟ್ಟಿದೆ ಎನ್ನಬಹುದು. ಕೀಲಿ ಗೊಂಚಲಿನ ಬಳೆಯ ಹಾಗೆ ಸುತ್ತು ಸುತ್ತಾಗಿರುವ ಉಂಗುರವನ್ನು ಯಾರೋ ಟಿಪ್ಪೆಟ್ ರಿಂಗ್ ಎಂದು ಕೊಟ್ಟಿದ್ದರೆ ಹೀಗಾಗುತ್ತದೆ. ಅದರ ಸಂದಿಗೆ ತೆಳು ದಾರ ಜಾರಿ ಹೊರಗೆ ಬಂದುಬಿಡುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಸಂದಿಯೇ ಇಲ್ಲದ, ಪೂರ್ತಿ ಕೂಡಿದ ಉಂಗುರ.

ಹಳೆಯ ಗಂಟು

ಇದೇ ಈ ಬರಹದ ಮುಖ್ಯ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉಂಗುರ ಇಲ್ಲದ ಕಾಲದಲ್ಲಿ ಲೀಡರ್ ಮತ್ತು ಟಿಪ್ಪೆಟ್ ಸೇರುವ ಗಂಟನ್ನು ನಾವು ಆಗಾಗ ಹೊಸದಾಗಿ ಕಟ್ಟುತ್ತಿದ್ದೆವು. ಕಟ್ಟದೆ ಬೇರೆ ದಾರಿ ಇರಲಿಲ್ಲ. ಉಂಗುರ ಬಂದ ಮೇಲೆ ಕೆಳಗಿನ ಗಂಟು ದಿನಕ್ಕೆ ಎರಡು ಮೂರು ಸಲ ಹೊಸದಾಗುತ್ತದೆ, ಮೇಲಿನದ್ದು ಹಾಗೇ ಕೂರುತ್ತದೆ. ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯ ಸಣ್ಣ ಗಂಟು ಅದೇ. ಪ್ರತಿ ಮೀನು ಎಳೆದಾಗಲೂ ಅದು ಅದೇ ಜಾಗದಲ್ಲಿ ಲೋಹಕ್ಕೆ ಉಜ್ಜುತ್ತದೆ. ಲೀಡರ್ ಸಾಮಾನ್ಯವಾಗಿ ನೈಲಾನಿನದು. ನೈಲಾನ್ ನೀರು ಹೀರುತ್ತದೆ, ಆಮೇಲೆ ಒಣಗುತ್ತದೆ, ಬಿಸಿಲಿಗೆ ಕಸುವು ಕಳೆದುಕೊಳ್ಳುತ್ತದೆ. ಕೊಲರಾಡೊದ ಎತ್ತರದಲ್ಲಿ ಬಿಸಿಲು ಬಲು ಚುರುಕು. ಕಾರಿನ ಮುಂದಿನ ಗಾಜಿನ ಕೆಳಗೆ ಲೀಡರ್ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಈಗ ಸಂಕಟವಾಗುತ್ತದೆ.

ಇದಕ್ಕೆ ಇನ್ನೊಂದು ತಪ್ಪು ಸೇರುತ್ತದೆ. ಟಿಪ್ಪೆಟ್ ಯಾವಾಗಲೂ ಲೀಡರ್ ತುದಿಗಿಂತ ಬಲ ಕಡಿಮೆಯದ್ದಾಗಿರಬೇಕು. ಆಗ ಹರಿದರೆ ಉಂಗುರದ ಕೆಳಗೆ ಹರಿಯುತ್ತದೆ, ಮೀನಿಗೆ ಉಳಿಯುವುದು ಒಂದಿಷ್ಟು ದಾರ ಮಾತ್ರ. ನಾನು ಅವತ್ತು 5ಎಕ್ಸ್ ಲೀಡರಿಗೆ ಹೊಸ 5ಎಕ್ಸ್ ಫ್ಲೋರೋಕಾರ್ಬನ್ (ನೈಲಾನಿನ ಬದಲು ಬಳಸುವ ಇನ್ನೊಂದು ಬಗೆಯ ದಾರ) ಕಟ್ಟಿದ್ದೆ. ಕಾಗದದ ಮೇಲೆ ಎರಡೂ ಸಮ. ನಾಲ್ಕು ತಿಂಗಳ ಹಳೆಯ ನೈಲಾನ್ ಮುಂದೆ ನಿನ್ನೆ ಸುರುಳಿಯಿಂದ ಬಿಚ್ಚಿದ ಫ್ಲೋರೋಕಾರ್ಬನ್ ಎಲ್ಲಿ ಸಮ? ಮೇಲಿನದೇ ಹೋಯಿತು.

ಈಗ ನಾನು ಮಾಡುವುದು ಹೀಗೆ. ಲೀಡರ್ ಏಳೂವರೆ ಅಡಿಯದು, ತುದಿ 3ಎಕ್ಸ್. ಅದಕ್ಕೆ ಉಂಗುರ. ಕೆಳಗೆ 5ಎಕ್ಸ್ ಟಿಪ್ಪೆಟ್ ಎರಡೂವರೆ ಅಡಿ. ಮೂರು ಸಲ ನದಿಗೆ ಹೋಗಿ ಬಂದ ಮೇಲೆ ಮೇಲಿನ ಗಂಟನ್ನು ಕತ್ತರಿಸಿ ಹೊಸದಾಗಿ ಕಟ್ಟುತ್ತೇನೆ. ಎರಡು ಮೂರು ಸೆಂಟಿಮೀಟರ್ ಹೋಗುತ್ತದೆ, ಹೋಗಲಿ. ದೊಡ್ಡ ಮೀನು ಸಿಕ್ಕ ದಿನ, ಬಂಡೆಗೆ ಬಲವಾಗಿ ಸಿಕ್ಕಿ ಎಳೆದ ದಿನ, ಮೂರು ಸಲದ ಲೆಕ್ಕ ಕಾಯುವುದಿಲ್ಲ. ಲೀಡರ್ ಇಡುವ ಚೀಲದ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಕಟ್ಟಿದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಹೊರಡುವ ಮೊದಲು ಉಂಗುರದ ಮೇಲಿನ ನಾಲ್ಕು ಇಂಚಿನ ಮೇಲೆ ಉಗುರು ಆಡಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ತರಿ ಸಿಕ್ಕರೆ, ಬಿಳಿ ಗೆರೆ ಕಂಡರೆ, ಮಡಿಚಿದ ಗುರುತು ಇದ್ದರೆ, ಅಲ್ಲಿಂದಲೇ ಕತ್ತರಿ.

ಜಾರಿದ ಗಂಟಿಗೆ ಮದ್ದು

ಹೆಚ್ಚಿನವರು ಕಟ್ಟುವುದು ಕ್ಲಿಂಚ್ ಗಂಟು: ದಾರದ ತುದಿಯನ್ನು ಉಂಗುರದೊಳಗೆ ದಾಟಿಸಿ, ಅದೇ ದಾರಕ್ಕೆ ಸುತ್ತಿ, ಬುಡದ ಕುಣಿಕೆಯೊಳಗೆ ತೂರಿಸಿ ಬಿಗಿಯುವುದು. ಅದು ಒಳ್ಳೆಯ ಗಂಟೇ. ಜಾರುವುದಕ್ಕೆ ಕಾರಣ ಮೂರು: ಸುತ್ತು ಕಡಿಮೆ, ಒಣ ದಾರವನ್ನೇ ಎಳೆದದ್ದು, ತುದಿಯನ್ನು ಬುಡಕ್ಕೇ ಕತ್ತರಿಸಿದ್ದು.

3ಎಕ್ಸ್ ದಾರಕ್ಕೆ ಐದು ಸುತ್ತು ಹಾಕಿ. 5ಎಕ್ಸ್, 6ಎಕ್ಸ್‌ಗೆ ಆರು. 6ಎಕ್ಸ್ ಮತ್ತೆ ಮತ್ತೆ ಜಾರುತ್ತಿದ್ದರೆ ದಾರವನ್ನು ಉಂಗುರದೊಳಗೆ ಎರಡು ಸಲ ದಾಟಿಸಿ ಆಮೇಲೆ ಸುತ್ತಿ. ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡಿ. ಒಣ ಗಂಟು ಉಜ್ಜಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ತೆಳು ದಾರ ಅಲ್ಲೇ ಕೆಡುತ್ತದೆ. ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಕೂತವೋ ನೋಡಿ. ಒಂದರ ಮೇಲೊಂದು ಹತ್ತಿದ್ದರೆ ಮುಲಾಜಿಲ್ಲದೆ ಕತ್ತರಿಸಿ ಮತ್ತೆ ಕಟ್ಟಿ. ಉಳಿದ ತುದಿ ಒಂದು ಮಿಲಿಮೀಟರ್ ಇರಲಿ.

ಆಮೇಲೆ ಉಂಗುರವನ್ನು ತಿರುಗಿಸಿ ಎರಡೂ ಗಂಟು ಎದುರು ಬದುರು ಬರುವಂತೆ ಮಾಡಿ ಎಳೆದು ನೋಡಿ. ಒಂದು ಗಂಟಿನ ಕುಣಿಕೆ ಇನ್ನೊಂದರ ಮೇಲೆ ಹತ್ತಿ ಕೂತಿದ್ದರೆ ಕೆಳಗಿನದು ನುಜ್ಜಾಗುತ್ತದೆ. ನೋಡದೆ ಹೋದರೆ ಇದು ಗೊತ್ತೇ ಆಗುವುದಿಲ್ಲ.

ಉಂಗುರ ಕಟ್ಟುವಾಗ ಕೈಜಾರಿ ನೀರಿಗೆ ಬಿದ್ದರೆ ಸಿಗುವ ಮಾತೇ ಇಲ್ಲ. ಉಂಗುರಗಳು ಒಂದು ಸಣ್ಣ ಪಿನ್ನಿನಲ್ಲಿ ಪೋಣಿಸಿಕೊಂಡು ಬರುತ್ತವೆ. ಪಿನ್ನಿನಿಂದ ಬಿಡಿಸದೆಯೇ ಲೀಡರನ್ನು ಮೊದಲ ಉಂಗುರಕ್ಕೆ ದಾಟಿಸಿ, ಗಂಟು ಹಾಕಿ, ಬಿಗಿ ಮಾಡಿ. ಆಮೇಲೆ ಪಿನ್ ತೆಗೆಯಿರಿ. ಇದನ್ನು ಮನೆಯಲ್ಲಿ, ಮೇಜಿನ ಮೇಲೆ, ಬೆಳಕಿನಲ್ಲಿ ಮಾಡಿಕೊಂಡು ಹೋಗುವುದೇ ಒಳ್ಳೆಯದು.

ಕೊಯ್ದ ಹಾಗೆ ತುಂಡಾಗಿದ್ದರೆ

ಹೊಸ ದಾರ, ಒದ್ದೆ ಗಂಟು, ಸರಿಯಾದ ಸುತ್ತು. ಆದರೂ ಉಂಗುರದ ಹತ್ತಿರವೇ ಮತ್ತೆ ಮತ್ತೆ ತುಂಡಾಗುತ್ತಿದೆ. ಆಗ ಉಂಗುರದ ಸರದಿ. ಅದರ ಒಳಗಂಚಿನಲ್ಲಿ ಲೋಹದ ಸಣ್ಣ ಮುಳ್ಳು ಉಳಿದಿರಬಹುದು. ಒಂದು ಎಳೆ ಹತ್ತಿಯನ್ನು ಹೊಸೆದು ಉಂಗುರದೊಳಗೆ ದಾಟಿಸಿ ಸುತ್ತಲೂ ಎಳೆದಾಡಿ. ಎಲ್ಲಾದರೂ ನಾರು ಹಿಡಿದುಕೊಂಡರೆ ಆ ಉಂಗುರ ಬೇಡ. ಅದೇ ಪೊಟ್ಟಣದ ಉಳಿದವನ್ನೂ ಹೀಗೇ ನೋಡಿ.

ಫ್ಲೈ ಮುಂದೆ ಹೋಗದೆ ರಾಶಿಯಾಗಿ ಬಿದ್ದರೆ

ಇದು ಹರಿಯುವ ದೋಷವಲ್ಲ, ಬೀಸುವ ದೋಷ. ಲೈನ್ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಲೀಡರ್ ಬಿಚ್ಚಿಕೊಳ್ಳುತ್ತದೆ, ಉಂಗುರದ ಹತ್ತಿರ ಬಂದ ಕೂಡಲೇ ಎಲ್ಲ ಕುಸಿದು ಟಿಪ್ಪೆಟ್ ಗುಡ್ಡೆಯಾಗಿ ಬೀಳುತ್ತದೆ. ಉಂಗುರದ ಭಾರಕ್ಕೆ ಹೀಗಾಯಿತು ಅನ್ನುತ್ತಾರೆ. 2 ಮಿ.ಮೀ. ಉಂಗುರವನ್ನು ಅಂಗೈ ಮೇಲೆ ಇಟ್ಟರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಭಾರ ಕಾರಣವಲ್ಲ.

ಕಾರಣ ದಪ್ಪದ ಜಿಗಿತ. ನೇರ ಗಂಟು ಹಾಕುವಾಗ 2ಎಕ್ಸ್‌ಗೆ 6ಎಕ್ಸ್ ಕಟ್ಟಲು ಹೋದರೆ ಗಂಟೇ ಕೂರುವುದಿಲ್ಲ, ನಾವು ತಪ್ಪು ಮಾಡದಂತೆ ಗಂಟೇ ತಡೆಯುತ್ತಿತ್ತು. ಉಂಗುರಕ್ಕೆ ಯಾವ ದಪ್ಪವಾದರೂ ಸರಿ. ಅದಕ್ಕೇ ಜನ ದಪ್ಪ ಲೀಡರಿಗೆ ಕೂದಲು ಕಟ್ಟಿಬಿಡುತ್ತಾರೆ. ಬೀಸಿದ ಕಸುವು ದಪ್ಪ ದಾರದಿಂದ ತೆಳು ದಾರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮಹಡಿಯಿಂದ ನೇರ ಅಂಗಳಕ್ಕೆ ಹಾರಿದರೆ ಆಗುವುದಿಲ್ಲ. ಉಂಗುರದ ಎರಡು ಬದಿಗೆ ಎರಡು ಎಕ್ಸ್‌ಗಿಂತ ಹೆಚ್ಚು ಅಂತರ ಬೇಡ. 3ಎಕ್ಸ್ ತುದಿಗೆ 6ಎಕ್ಸ್ ಬೇಕೇ ಬೇಕು ಅಂದರೆ ನಡುವೆ ಒಂದೂವರೆ ಅಡಿ 5ಎಕ್ಸ್ ಸೇರಿಸಿ.

ಲೀಡರನ್ನು ಕತ್ತರಿಸಿ ಕತ್ತರಿಸಿ ಅದರ ತುದಿ ಎಷ್ಟು ದಪ್ಪವಾಗಿದೆ ಎಂಬುದೇ ಮರೆತುಹೋಗಿರುತ್ತದೆ ಎನ್ನುವುದನ್ನೂ ನೆನಪಿಡಿ. ಪೊಟ್ಟಣದ ಮೇಲೆ 4ಎಕ್ಸ್ ಎಂದಿರಬಹುದು, ಎರಡಡಿ ಕತ್ತರಿಸಿದ ಮೇಲೆ ಅದು 4ಎಕ್ಸ್ ಅಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಅಳತೆ ಮಾಪಕದಲ್ಲಿ ಒಮ್ಮೆ ಅಳೆದುಬಿಡಿ. ಇಷ್ಟಾದರೂ ಕುಸಿದರೆ ಟಿಪ್ಪೆಟ್ಟನ್ನು ಅರ್ಧ ಅಡಿ ಗಿಡ್ಡ ಮಾಡಿ ನೋಡಿ.

ತೇಲಬೇಕಾದ ಫ್ಲೈ ಮುಳುಗಿದರೆ

ಚೀಸ್‌ಮನ್ ಅಣೆಕಟ್ಟು ಕಟ್ಟಿ ಮುಗಿಸಿದ್ದು 1905ರಲ್ಲಿ. ಡೆನ್ವರ್ ನಗರಕ್ಕೆ ನೀರು ಕೊಡುವ ಜಲಾಶಯ ಅದು. ಅದರ ಕೆಳಗೆ ಸೌತ್ ಪ್ಲಾಟ್ ನದಿಯ ನೀರು ತಣ್ಣಗೆ, ಕನ್ನಡಿಯಷ್ಟು ತಿಳಿಯಾಗಿ ಹರಿಯುತ್ತದೆ. ಅಲ್ಲಿಯ ಫ್ಲೈಗಳು 20, 22ನೇ ನಂಬರಿನವು, ಅಕ್ಕಿ ಕಾಳಿಗಿಂತ ಸಣ್ಣ. ಅಷ್ಟು ಸಣ್ಣ ಫ್ಲೈ ತೇಲಿಸುವಾಗ ಮಾತ್ರ ಉಂಗುರದ ಭಾರ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ.

ಮನೆಯಲ್ಲಿ ಒಂದು ಬಟ್ಟಲು ನೀರಿಗೆ ಉಂಗುರವನ್ನು ಮೆಲ್ಲಗೆ ಬಿಟ್ಟು ನೋಡಿ. ನೀರಿನ ಮೇಲ್ಪೊರೆಯ ಮೇಲೆ ಅದು ಕೂರುತ್ತದೆ. ಬೆರಳಿನಿಂದ ಒಮ್ಮೆ ಒತ್ತಿ, ತಳ ಸೇರುತ್ತದೆ. ಹರಿಯುವ ನೀರಿನಲ್ಲಿ ಆಗುವುದೂ ಇದೇ. ಒಮ್ಮೆ ಮುಳುಗಿದರೆ ಟಿಪ್ಪೆಟ್ಟನ್ನೂ ಕೆಳಗೆ ಎಳೆಯುತ್ತದೆ. ಡ್ರೈ ಫ್ಲೈಗೆ, ಅಂದರೆ ತೇಲುವ ಫ್ಲೈಗೆ, ಇರುವುದರಲ್ಲಿ ಸಣ್ಣ ಉಂಗುರ ಹಾಕಿ, ಫ್ಲೈಯಿಂದ ಕನಿಷ್ಠ ಎರಡಡಿ ದೂರ ಇರಲಿ. ಲೀಡರಿಗೆ ಉಂಗುರದವರೆಗೆ ತೇಲಿಸುವ ಜಿಡ್ಡನ್ನು ತೆಳುವಾಗಿ ಸವರಿ, ಟಿಪ್ಪೆಟ್ಟಿಗೆ ಬೇಡ. ಟಿಪ್ಪೆಟ್ ನೈಲಾನಿನದೇ ಇರಲಿ. ಫ್ಲೋರೋಕಾರ್ಬನ್ ನೈಲಾನಿಗಿಂತ ಭಾರ, ಬೇಗ ಮುಳುಗುತ್ತದೆ. ಇಷ್ಟೆಲ್ಲ ಮಾಡಿಯೂ ಮುಳುಗಿದರೆ ಆ ದಿನದ ಮಟ್ಟಿಗೆ ಉಂಗುರ ತೆಗೆದು ನೇರ ಗಂಟು ಹಾಕಿ. ಎಲ್ಲ ಕಡೆಗೂ ಉಂಗುರವೇ ಆಗಬೇಕು ಎಂದೇನಿಲ್ಲ.

ಚಿಕ್ಕಪುಟ್ಟ ಕಾಟಗಳು

ರಾಡ್ ತುದಿಯಲ್ಲಿ ಉಂಗುರ ಸಿಕ್ಕಿಕೊಳ್ಳುತ್ತಿದ್ದರೆ ನೀವು ಲೈನನ್ನು ರೀಲಿಗೆ ಜಾಸ್ತಿ ಸುತ್ತಿದ್ದೀರಿ. ನಡೆದು ಹೋಗುವಾಗ ಲೀಡರನ್ನು ರೀಲಿನ ಕೆಳಗಿನಿಂದ ಒಂದು ಸುತ್ತು ತಂದು ಫ್ಲೈಯನ್ನು ರಾಡಿನ ಮೇಲೆ ಲೈನ್ ಹಾಯುವ ಬಳೆಗಳಲ್ಲಿ ಮೇಲಿನದೊಂದಕ್ಕೆ ಸಿಕ್ಕಿಸಿ. ಆಗ ಉಂಗುರ ರಾಡಿನ ಹೊರಗೇ ಉಳಿಯುತ್ತದೆ. ಸಿಕ್ಕಿಕೊಂಡ ಉಂಗುರವನ್ನು ಎಳೆದು ಬಿಡಿಸಬೇಡಿ, ರಾಡಿನ ತುದಿ ಮುರಿಯುತ್ತದೆ.

ಟಿಪ್ಪೆಟ್ ಹುರಿಗಟ್ಟುತ್ತಿದೆಯೇ? ಉಂಗುರ ತಿರುಗುಣಿಯಲ್ಲ, ಅದು ಹುರಿ ಬಿಡಿಸುವುದಿಲ್ಲ. ಗಾಳಿಯಲ್ಲಿ ಗಿರಗಿರ ತಿರುಗುವ ಫ್ಲೈ ಇದಕ್ಕೆ ಕಾರಣ. ಫ್ಲೈ ಬದಲಾಯಿಸಿ ಇಲ್ಲವೇ ದಪ್ಪ ಟಿಪ್ಪೆಟ್ ಹಾಕಿ.

ಅದೇ ಉಂಗುರಕ್ಕೆ ಎರಡನೇ ಫ್ಲೈಯ ಕವಲು ಕಟ್ಟಿದ್ದರೆ ಅದನ್ನು ಗೇಣಿಗಿಂತ ಉದ್ದ ಬಿಡಬೇಡಿ. ಉದ್ದವಾದಷ್ಟೂ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಕವಲಿಗೆ ಟಿಪ್ಪೆಟ್ಟಿಗಿಂತ ಒಂದು ಎಕ್ಸ್‌ನಷ್ಟು ಹೆಚ್ಚು ದಪ್ಪದ ದಾರ ಹಾಕಿದರೆ ಸೆಟೆದು ನಿಲ್ಲುತ್ತದೆ.

ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಹೋಗುವ ಬೆಂಗಳೂರಿನವರಿಗೂ ಇದೆಲ್ಲ ಹಾಗೇ ಅನ್ವಯಿಸುತ್ತದೆ. ಅಲ್ಲಿ ಬಂಡೆಗಲ್ಲು ಹೆಚ್ಚು, ದಾರ ಉಜ್ಜುವುದೂ ಹೆಚ್ಚು. ಮೇಲಿನ ಗಂಟನ್ನು ದಿನಾ ಬೆಳಿಗ್ಗೆ ನೋಡಿ. ಉಂಗುರಗಳನ್ನು ಹೊರಡುವಾಗಲೇ ತೆಗೆದುಕೊಂಡು ಹೋಗಿ.

ಮನೆಯಲ್ಲಿ ಎಳೆದು ನೋಡುವುದು

ಸೂಟ್‌ಕೇಸ್ ತೂಗುವ ಕೈತಕ್ಕಡಿ ಇದ್ದರೆ ಸಾಕು. ನಿಮ್ಮ ಲೀಡರಿನ ಒಂದಡಿ ತುಂಡು, ಉಂಗುರ, ಟಿಪ್ಪೆಟ್ ಒಂದಡಿ. ನದಿಯಲ್ಲಿ ಕಟ್ಟುವ ಹಾಗೆಯೇ ಕಟ್ಟಿ. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ನಾಲ್ಕು ಸುತ್ತು ಸುತ್ತಿ, ಇನ್ನೊಂದನ್ನು ತಕ್ಕಡಿಯ ಕೊಕ್ಕೆಗೆ ಸುತ್ತಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಉಂಗುರ ಚಿಮ್ಮುತ್ತದೆ. ನಿಧಾನವಾಗಿ ಎಳೆಯಿರಿ. ಎಷ್ಟು ತೂಕಕ್ಕೆ ಹರಿಯಿತು ಎನ್ನುವುದಕ್ಕಿಂತ ಎಲ್ಲಿ ಹರಿಯಿತು ಎನ್ನುವುದನ್ನು ನೋಡಿ. ಐದು ಸಲ ಮಾಡಿ. ಐದರಲ್ಲಿ ಒಂದು ಸಲವಾದರೂ ಉಂಗುರದ ಮೇಲ್ಗಡೆ, ಲೀಡರ್ ಕಡೆ ಹರಿದರೆ ಆ ಲೀಡರ್ ನದಿಗೆ ಬರಬಾರದು. ಹಾಸನದ ಹುಡುಗನಿಗೆ ಇದನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲೇ ಮಾಡಿ ತೋರಿಸಿದೆ. ಅವನ ಕೈಯಲ್ಲೇ ಎಳೆಸಿದೆ.

ನವೆಂಬರಿನಲ್ಲಿ ಅವನು ಒಬ್ಬನೇ ಅದೇ ನದಿಯ ದಂಡೆಯ ಡೆಕರ್ಸ್‌ಗೆ ಹೋಗಿದ್ದ. ಮಧ್ಯಾಹ್ನ ಫೋನ್ ಬಂತು.

"ಅಣ್ಣಾ, ಒಂದು ಹೋಯ್ತು. ಆದ್ರೆ ರಿಂಗ್ ನನ್ ಹತ್ರಾನೇ ಇದೆ. ಖಾಲಿ ಇದೆ, ದಾರದ ಚೂರೂ ಇಲ್ಲ."

"ಹಾಗಾದ್ರೆ ಜಾರಿದೆ. ಗಂಟು ಒದ್ದೆ ಮಾಡಿದ್ಯಾ?"

ಸ್ವಲ್ಪ ಹೊತ್ತು ನೀರಿನ ಸದ್ದಷ್ಟೇ ಕೇಳಿಸಿತು.

"ಚಳಿಗೆ ಕೈ ಮರಗಟ್ಟಿತ್ತು, ನಾಲ್ಕೇ ಸುತ್ತು ಹಾಕ್ದೆ ಅಣ್ಣಾ. ಇರಿ, ಆರು ಹಾಕಿ ಮತ್ತೆ ಕಟ್ತೀನಿ."